ಬರಗಾಲದಲ್ಲಿ ಉಪ್ಪು ಜವುಗನ್ನು ಓದುವುದು ಹೇಗೆ

ದಿನಕ್ಕೆ ಎರಡು ಸಲ ಕಡಲ ನೀರು ಏರಿ ಇಳಿಯುವ ಹುಲ್ಲುನೆಲಕ್ಕೂ, ಅಂದರೆ ಉಪ್ಪು ಜವುಗಿಗೂ, ಬರ ತಟ್ಟುತ್ತದೆ ಎಂದರೆ ಕೇಳಿದವರಿಗೆ ಒಮ್ಮೆ ವಿಚಿತ್ರವೆನಿಸುತ್ತದೆ. ನೀರಿಗೇನೂ ಕೊರತೆಯಿಲ್ಲದ ಕಡೆ ಗಿಡ ಒಣಗುವುದಾದರೂ ಏಕೆ? ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳನ್ನು ನೋಡಿದವರಿಗೆ ಇದರ ಉತ್ತರ ಅರ್ಧ ತಿಳಿದಂತೆಯೇ. ಆಗರದೊಳಗೆ ಬಿಟ್ಟುಕೊಂಡ ಸಮುದ್ರದ ನೀರು ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಒಂದು ಜೋರು ಮಳೆ ಬಿದ್ದರೆ ಎಲ್ಲವೂ ಕರಗಿಹೋಗುತ್ತದೆ. ಉಪ್ಪು ಜವುಗಿನಲ್ಲಿಯೂ ಮಳೆ ಕೈಕೊಟ್ಟಾಗ ನಡೆಯುವುದು ಇದೇ, ಆದರೆ ಅಲ್ಲಿ ಉಪ್ಪು ಕಟ್ಟಿಕೊಳ್ಳುವುದು ಮಣ್ಣಿನೊಳಗೆ, ಬೇರುಗಳ ಸುತ್ತ. ಹೊರಗೆ ನೀರು ಎಷ್ಟಿದ್ದರೂ ಮಣ್ಣಿನ ನೀರು ತೀರಾ ಉಪ್ಪಾದಾಗ ಗಿಡಕ್ಕೆ ಅದನ್ನು ಹೀರಿಕೊಳ್ಳಲು ಆಗುವುದಿಲ್ಲ.

ಉತ್ತರದ ಉಳಿದರ್ಧವೇ ಈ ಮಾರ್ಗದರ್ಶಿಯ ವಿಷಯ. ಬರವು ಗಿಡವನ್ನು ದಣಿಸುವುದರ ಜೊತೆಗೆ ಅದರ ಸುತ್ತಲಿನ ಜೀವಿಗಳ ಸಂಬಂಧವನ್ನೂ ಬದಲಿಸುತ್ತದೆ. ಒಳ್ಳೆಯ ವರ್ಷದಲ್ಲಿ ಹುಲ್ಲು ತಾಳಿಕೊಳ್ಳುತ್ತಿದ್ದ ಬಸವನಹುಳು ಬರದ ವರ್ಷದಲ್ಲಿ ಅದನ್ನು ಕೊಲ್ಲಬಲ್ಲದು. ಒಳ್ಳೆಯ ವರ್ಷದಲ್ಲಿ ಬೆಳಕಿಗಾಗಿ ಜಗಳವಾಡುತ್ತಿದ್ದ ನೆರೆಯ ಗಿಡ ಬರದ ವರ್ಷದಲ್ಲಿ ನೆರಳು ಕೊಟ್ಟು ಕಾಯಬಲ್ಲದು. ಆದ್ದರಿಂದ ಬರದ ನಂತರ ಜವುಗಿಗೆ ಹೋಗಿ ಸತ್ತ ಹುಲ್ಲನ್ನು ಮಾತ್ರ ಎಣಿಸಿಕೊಂಡು ಬಂದವರು ಅರ್ಧ ಕೆಲಸ ಮಾಡಿದಂತೆ. ಗಿಡವನ್ನು ಅಳೆಯುವಾಗ ಅದರ ನೆರೆಹೊರೆಯನ್ನೂ ಅಳೆಯಬೇಕು. ಅದನ್ನು ಮಾಡುವ ಬಗೆಯನ್ನು ಇಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಯನ್ನು ಮುಂದಿಟ್ಟುಕೊಂಡು ವಿವರಿಸಿದ್ದೇನೆ. ಈ ವಿಷಯದಲ್ಲಿ ಅತಿ ಹೆಚ್ಚು ಅಧ್ಯಯನ ನಡೆದಿರುವ ನೆಲಗಳಲ್ಲಿ ಅದೊಂದು. ಅಟ್ಲಾಂಟಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಅದು ಸುಮಾರು ಐದು ಗಂಟೆಯ ಕಾರಿನ ದಾರಿಯೂ ಹೌದು.

ಹೊರಡುವ ಮೊದಲು

ಜಾರ್ಜಿಯಾದ ಕರಾವಳಿ ಸುಮಾರು 160 ಕಿಲೋಮೀಟರ್ ಉದ್ದವಿದೆ. ಹೊರಗಡೆ ಸಾಲುದ್ವೀಪಗಳು, ಒಳಗಡೆ ಮುಖ್ಯಭೂಮಿ, ಇವೆರಡರ ನಡುವೆ ಕಣ್ಣು ಹಾಯುವವರೆಗೂ ಒಂದೇ ಜಾತಿಯ ಹುಲ್ಲು. ಅದರ ಹೆಸರು ಸ್ಪಾರ್ಟಿನಾ ಆಲ್ಟರ್ನಿಫ್ಲೋರಾ. ಈಚಿನ ವರ್ಗೀಕರಣದಲ್ಲಿ ಅದನ್ನು ಸ್ಪೋರೋಬೋಲಸ್ ಕುಲಕ್ಕೆ ಸೇರಿಸಿದ್ದಾರಾದರೂ ಜವುಗಿನಲ್ಲಿ ಕೆಲಸ ಮಾಡುವವರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ, ನಾನೂ ಅದನ್ನೇ ಬಳಸುತ್ತೇನೆ. ತೊರೆಯ ದಂಡೆಯಲ್ಲಿ ಇದು ಆಳೆತ್ತರವನ್ನೂ ಮೀರಿ ಬೆಳೆಯುತ್ತದೆ. ಅಲ್ಲಿಂದ ಕೆಲವೇ ಹೆಜ್ಜೆ ಒಳಕ್ಕೆ ಹೋದರೆ ಅದೇ ಹುಲ್ಲು ಮೊಣಕಾಲೆತ್ತರಕ್ಕೆ ನಿಂತುಬಿಡುತ್ತದೆ. ಈ ವ್ಯತ್ಯಾಸ ಬರ ಇಲ್ಲದಾಗಲೂ ಇರುತ್ತದೆ. ಇದನ್ನು ಮೊದಲೇ ತಿಳಿದಿರದಿದ್ದರೆ, ಗಿಡ್ಡ ಹುಲ್ಲನ್ನು ಕಂಡು ಬರದ ಪರಿಣಾಮವೆಂದು ಬರೆದುಕೊಳ್ಳುವ ತಪ್ಪು ಸುಲಭವಾಗಿ ಆಗುತ್ತದೆ. ಹೋಲಿಕೆಯನ್ನು ಯಾವಾಗಲೂ ದಂಡೆಗೆ ದಂಡೆ, ಒಳಜವುಗಿಗೆ ಒಳಜವುಗು ಎಂಬಂತೆಯೇ ಮಾಡಿ.

ಜಾಗವನ್ನು ಆರಿಸಿಕೊಂಡ ಮೇಲೆ ಅದರ ಬರದ ಚರಿತ್ರೆಯನ್ನು ಕಟ್ಟಿಕೊಳ್ಳಬೇಕು. ಅಮೆರಿಕದ ಬರ ನಕ್ಷೆ 1999ರಿಂದ ವಾರಕ್ಕೊಮ್ಮೆ ಪ್ರಕಟವಾಗುತ್ತಿದೆ, ಯಾರು ಬೇಕಾದರೂ ನೋಡಬಹುದು. ಅದೊಂದೇ ಸಾಲದು, ನದಿಯ ಹರಿವನ್ನೂ ನೋಡಬೇಕು. ಮಧ್ಯ ಜಾರ್ಜಿಯಾದ ಜವುಗುಗಳಿಗೆ ಸಿಹಿನೀರು ತರುವುದು ಆಲ್ಟಮಹಾ ನದಿ. ಕರಾವಳಿಯಲ್ಲಿ ನಾಲ್ಕು ಮಳೆ ಬಿದ್ದರೂ ನೂರಾರು ಕಿಲೋಮೀಟರ್ ಮೇಲಿನ ಜಲಾನಯನದಲ್ಲಿ ಬರವಿದ್ದರೆ ಅಳಿವೆಯ ನೀರು ಉಪ್ಪಾಗಿಯೇ ಇರುತ್ತದೆ. ಡಾಕ್ಟರ್‌ಟೌನ್ ಎಂಬಲ್ಲಿರುವ ನದಿಮಾಪಕದ ದೈನಂದಿನ ಅಂಕಿಗಳು ಸಿಗುತ್ತವೆ. ಅವನ್ನು ಹಿಂದಿನ ಹತ್ತು ಹದಿನೈದು ವರ್ಷಗಳೊಂದಿಗೆ ಹೋಲಿಸಿ ಒಂದು ಗೆರೆಚಿತ್ರ ಮಾಡಿಟ್ಟುಕೊಳ್ಳಿ. ಕಡಲ ಸರಾಸರಿ ಮಟ್ಟವೂ ವರ್ಷದಿಂದ ವರ್ಷಕ್ಕೆ ಕೆಲವು ಸೆಂಟಿಮೀಟರ್ ಏರುಪೇರಾಗುತ್ತದೆ. ಅದು ತಗ್ಗಿದ ವರ್ಷ ಎತ್ತರದ ಜವುಗಿಗೆ ಉಬ್ಬರದ ನೀರು ಹತ್ತುವ ದಿನಗಳೇ ಕಡಿಮೆಯಾಗುತ್ತವೆ. 1984ರಿಂದ 2011ರವರೆಗಿನ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳನ್ನು ಆಧರಿಸಿ ಜಾರ್ಜಿಯಾದ ನಡುಕರಾವಳಿಯಲ್ಲಿ ನಡೆದ ಅಧ್ಯಯನವೊಂದರಲ್ಲಿ, ನದಿಯ ಹರಿವು, ಮಳೆ ಮತ್ತು ಕಡಲ ಸರಾಸರಿ ಮಟ್ಟ ಹೆಚ್ಚಿದ್ದಾಗ ಸ್ಪಾರ್ಟಿನಾ ಹುಲುಸಾಗಿತ್ತೆಂದೂ, ಆ ಅವಧಿಯಲ್ಲಿ ಒಟ್ಟು ಹುಲ್ಲಿನ ರಾಶಿ ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿದಿತ್ತೆಂದೂ ಕಂಡುಬಂದಿತು. ನೀವೂ ಉಪಗ್ರಹ ಚಿತ್ರ ಬಳಸುವುದಾದರೆ ಇಳಿತದ ಹೊತ್ತಿನಲ್ಲಿ ತೆಗೆದವನ್ನೇ ಆರಿಸಿಕೊಳ್ಳಿ. ಉಬ್ಬರದಲ್ಲಿ ತೆಗೆದ ಚಿತ್ರದಲ್ಲಿ ನೀರು ಹೊಕ್ಕ ಆರೋಗ್ಯವಂತ ಹುಲ್ಲೂ ಸತ್ತಂತೆ ಕಾಣುತ್ತದೆ.

ಅನುಮತಿಯ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ದೋಣಿದಾರಿಯ ಅಕ್ಕಪಕ್ಕ ನಿಂತು ನೋಡುವುದು ಬೇರೆ, ಗಿಡ ಕೀಳುವುದು, ಪಂಜರ ನೆಡುವುದು ಬೇರೆ. ಸಪೆಲೊ ದ್ವೀಪದಂಥ ಸಂರಕ್ಷಿತ ಅಳಿವೆಯಲ್ಲಿ ಎರಡನೆಯದಕ್ಕೆ ಬರಹದ ಅನುಮತಿ ಬೇಕೇ ಬೇಕು. ಉಬ್ಬರದ ಪಟ್ಟಿಯನ್ನು ಮುದ್ರಿಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಇಲ್ಲಿ ನೀರು ಎರಡು ಮೀಟರಿಗೂ ಹೆಚ್ಚು ಏರುತ್ತದೆ, ತೊರೆಯ ಕೆಸರು ಸೊಂಟದವರೆಗೆ ಹೂತುಕೊಳ್ಳುತ್ತದೆ, ಒಬ್ಬರೇ ಹೋಗಬಾರದು.

ಮಣ್ಣಿನ ನೀರನ್ನು ಅಳೆಯುವುದು

ತೊರೆಯ ನೀರಿನ ಉಪ್ಪನ್ನು ಅಳೆದು ಸಮಾಧಾನ ಪಡುವವರು ಬಹಳ. ಗಿಡ ಕುಡಿಯುವುದು ತೊರೆಯ ನೀರನ್ನಲ್ಲ, ಬೇರಿನ ಸುತ್ತಲಿನ ಮಣ್ಣಿನ ನೀರನ್ನು, ಅಳೆಯಬೇಕಾದದ್ದೂ ಅದನ್ನೇ. ಹತ್ತು ಹದಿನೈದು ಸೆಂಟಿಮೀಟರ್ ಆಳದ ಕಿರಿಗುಳಿಯನ್ನು ಕೊಳವೆಯಿಂದ ತೆಗೆದು, ಬದಿಯಿಂದ ನೀರು ಒಸರುವವರೆಗೆ ಕಾಯಿರಿ. ಒಸರಿದ ನೀರನ್ನು ಸಿರಿಂಜಿನಲ್ಲಿ ಎಳೆದು, ಸೋಸುಕಾಗದದಲ್ಲಿ ಸೋಸಿ, ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಎಂಬ ಉಪ್ಪುಮಾಪಕದ ಗಾಜಿನ ಮೇಲೆ ಎರಡು ಹನಿ ಬಿಟ್ಟು ಓದಿ. ಸಮುದ್ರದ ನೀರು ಸಾವಿರಕ್ಕೆ ಸುಮಾರು 35 ಭಾಗ ತೋರಿಸುತ್ತದೆ. ಸಾಮಾನ್ಯ ರಿಫ್ರಾಕ್ಟೋಮೀಟರಿನ ಅಳತೆಗೋಲು 100ಕ್ಕೆ ಮುಗಿಯುವುದರಿಂದ, ಅದನ್ನೂ ಮೀರಿದರೆ ಅಷ್ಟೇ ಪ್ರಮಾಣದ ಭಟ್ಟಿ ಇಳಿಸಿದ ನೀರನ್ನು ಬೆರೆಸಿ, ಓದಿದ ಅಂಕಿಯನ್ನು ಎರಡರಿಂದ ಗುಣಿಸಬೇಕು.

ಬರದ ದಿನಗಳಲ್ಲಿ ಗುಳಿಗೆ ನೀರೇ ಒಸರದೆ ಇರಬಹುದು. ಆಗ ಮಣ್ಣನ್ನೇ ತಂದು ಲೆಕ್ಕ ಹಾಕಬೇಕು. ಹಸಿ ಮಣ್ಣನ್ನು ತೂಗಿ, ಒಲೆಯಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. 100 ಗ್ರಾಂ ಮಣ್ಣು 60 ಗ್ರಾಂಗೆ ಇಳಿಯಿತು ಎಂದುಕೊಳ್ಳೋಣ. ಅದರಲ್ಲಿ 40 ಗ್ರಾಂ ನೀರಿತ್ತು. ಒಣ ಮಣ್ಣಿಗೆ 200 ಮಿಲಿಲೀಟರ್ ಭಟ್ಟಿ ಇಳಿಸಿದ ನೀರು ಸೇರಿಸಿ, ಚೆನ್ನಾಗಿ ಕಲಕಿ, ಒಂದು ದಿನ ಬಿಟ್ಟು ಮೇಲಿನ ತಿಳಿಯನ್ನು ಓದಿದಾಗ 10 ಬಂದರೆ, ಅಷ್ಟೇ ಉಪ್ಪು ಮೂಲದಲ್ಲಿ 40 ಗ್ರಾಂ ನೀರಿನಲ್ಲಿ ಕರಗಿತ್ತು. 10ನ್ನು 200ರಿಂದ ಗುಣಿಸಿ 40ರಿಂದ ಭಾಗಿಸಿದರೆ 50. ಅಂದರೆ ಬೇರಿನ ಸುತ್ತಲಿನ ನೀರು ಸಮುದ್ರಕ್ಕಿಂತ ಒಂದೂವರೆ ಪಟ್ಟು ಉಪ್ಪಾಗಿತ್ತು.

ಒಂದೇ ಜಾಗದಲ್ಲಿ ಅಳೆಯುವುದರಿಂದ ಏನೂ ತಿಳಿಯದು. ತೊರೆಯ ದಂಡೆಯಿಂದ ಆರಂಭಿಸಿ ಒಣನೆಲದ ಅಂಚಿನವರೆಗೆ ಅಳತೆಯ ಹಗ್ಗ ಎಳೆದು, ಅದರುದ್ದಕ್ಕೂ ಮಾದರಿ ತೆಗೆಯಿರಿ. ಆಗ ಮೊದಲ ನೋಟಕ್ಕೆ ಊಹೆಗೆ ವಿರುದ್ಧವಾದ ಸಂಗತಿಯೊಂದು ಕಾಣುತ್ತದೆ: ಅತಿ ಹೆಚ್ಚು ಉಪ್ಪು ಇರುವುದು ಕಡಲಿಗೆ ಹತ್ತಿರದಲ್ಲೂ ಅಲ್ಲ, ಅತಿ ಎತ್ತರದಲ್ಲೂ ಅಲ್ಲ, ನಡುವಿನ ಒಂದು ಪಟ್ಟಿಯಲ್ಲಿ. ಕೆಳಗಿನ ನೆಲವನ್ನು ಉಬ್ಬರ ದಿನವೂ ತೊಳೆಯುತ್ತದೆ, ಮೇಲಿನ ನೆಲಕ್ಕೆ ಕಡಲ ನೀರು ತಲುಪುವುದೇ ಅಪರೂಪ. ನಡುವಿನ ಪಟ್ಟಿಗೆ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ನೀರು ಹತ್ತುತ್ತದೆ, ಮುಂದಿನ ಪಕ್ಷದವರೆಗೆ ಅಲ್ಲೇ ಆವಿಯಾಗುತ್ತದೆ. ಜಾರ್ಜಿಯಾದಲ್ಲಿ ಇಂಥ ಪಟ್ಟಿಗಳ ಮಣ್ಣಿನ ನೀರು ಸಾವಿರಕ್ಕೆ 100 ಭಾಗವನ್ನೂ ದಾಟಿ, ಏನೂ ಬೆಳೆಯದ ಬೋಳು ಉಪ್ಪುಬಯಲಾಗುತ್ತದೆ. ಅದರ ಅಂಚಿನಲ್ಲಿ ಬ್ಯಾಟಿಸ್, ಸ್ಯಾಲಿಕಾರ್ನಿಯಾಗಳಂಥ ರಸಭರಿತ ಗಿಡಗಳು ಮಾತ್ರ ನಿಲ್ಲುತ್ತವೆ. ಬರ ಈ ಪಟ್ಟಿಯನ್ನು ಅಗಲಿಸುತ್ತದೆ. ಆದುದರಿಂದ ಪಟ್ಟಿಯ ಎರಡೂ ಅಂಚುಗಳಿಗೆ ಗೂಟ ಹೊಡೆದು, ಪ್ರತಿ ಋತುವಿನಲ್ಲೂ ಎಷ್ಟು ಸರಿಯಿತೆಂದು ಅಳೆಯುವುದು ಕಡಿಮೆ ಖರ್ಚಿನಲ್ಲಿ ದೊರೆಯುವ ಒಳ್ಳೆಯ ಮಾಹಿತಿ. ಪ್ರತಿ ಅಳತೆಯ ಪಕ್ಕದಲ್ಲಿ ಕೊನೆಯ ಮಳೆ ಬಿದ್ದು ಎಷ್ಟು ದಿನವಾಯಿತು, ದೊಡ್ಡ ಉಬ್ಬರ ಮುಗಿದು ಎಷ್ಟು ದಿನವಾಯಿತು ಎಂಬೆರಡನ್ನೂ ತಪ್ಪದೆ ಬರೆಯಿರಿ. ಇವಿಲ್ಲದ ಉಪ್ಪಿನ ಅಂಕಿಗೆ ಅರ್ಥವಿಲ್ಲ.

ಉಪ್ಪಿನ ಜೊತೆಗೆ ಮಣ್ಣಿನ ಆಮ್ಲತೆಯನ್ನೂ ಗಮನಿಸಬೇಕು. ಸದಾ ನೀರು ತುಂಬಿದ ಜವುಗಿನ ಮಣ್ಣಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿನ ಗಂಧಕವು ಕಬ್ಬಿಣದೊಡನೆ ಸೇರಿ ಪೈರೈಟ್ ಆಗಿ ಕುಳಿತಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಣ್ಣ ಕಪ್ಪು. ಬರದಲ್ಲಿ ನೀರಿನ ಮಟ್ಟ ಇಳಿದು ಗಾಳಿ ಒಳಹೊಕ್ಕರೆ ಪೈರೈಟ್ ಆಮ್ಲಜನಕದೊಡನೆ ಬೆರೆತು ಗಂಧಕಾಮ್ಲವನ್ನು ಬಿಡುತ್ತದೆ, ಆಮ್ಲದಲ್ಲಿ ಲೋಹಗಳು ಕರಗಿ ಬೇರಿಗೆ ವಿಷವಾಗುತ್ತವೆ. ಲೂಯಿಸಿಯಾನಾದ ಮಿಸಿಸಿಪ್ಪಿ ಮುಖಜಭೂಮಿಯಲ್ಲಿ 2000ದಲ್ಲಿ ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಜವುಗು ಕಂದಿಹೋದಾಗ ಸಂಶೋಧಕರು ಮುಂದಿಟ್ಟ ವಿವರಣೆಗಳಲ್ಲಿ ಇದೂ ಒಂದು. ಅಲ್ಲಿ ಸ್ಪಾರ್ಟಿನಾ ಸತ್ತ ಜಾಗದಲ್ಲಿಯೇ ಅವಿಸೆನಿಯಾ ಎಂಬ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಹಸಿರಾಗಿ ನಿಂತಿತ್ತು ಎಂಬುದು, ಒಂದೇ ಬರ ಎಲ್ಲ ಜಾತಿಗಳಿಗೂ ಒಂದೇ ಬರವಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಆಮ್ಲತೆಯ ಮಾಪವಾದ ಪಿಎಚ್ ಅಳೆಯುವವರಿಗೆ ಒಂದು ಎಚ್ಚರಿಕೆ: ಮಣ್ಣನ್ನು ಕಿತ್ತ ಕೂಡಲೇ ಅಲ್ಲೇ ಅಳೆಯಿರಿ. ಚೀಲದಲ್ಲಿ ಕಟ್ಟಿ ತಂದು ವಾರದ ಮೇಲೆ ಅಳೆದರೆ, ದಾರಿಯಲ್ಲೇ ಗಾಳಿ ತಾಗಿ ಹುಟ್ಟಿದ ಆಮ್ಲವನ್ನು ಬರದ ಲೆಕ್ಕಕ್ಕೆ ಹಾಕಿದಂತಾಗುತ್ತದೆ.

ಸತ್ತ ಹುಲ್ಲನ್ನು ಪರೀಕ್ಷಿಸುವುದು

ಕಂದಿದ ಹುಲ್ಲೆಲ್ಲ ಬರಕ್ಕೆ ಬಲಿಯಾದದ್ದಲ್ಲ, ಕಂದಿದ್ದೆಲ್ಲ ಸತ್ತದ್ದೂ ಅಲ್ಲ. ಸ್ಪಾರ್ಟಿನಾ ಎಲೆಯ ಮೇಲೆ ಉಪ್ಪು ಹೊರಹಾಕುವ ಗ್ರಂಥಿಗಳಿವೆ; ಬಿಸಿಲಿನಲ್ಲಿ ಎಲೆಯನ್ನು ಓರೆಯಾಗಿ ಹಿಡಿದರೆ ಉಪ್ಪಿನ ಹರಳು ಮಿನುಗುವುದು ಕಾಣುತ್ತದೆ. ಇದು ಆರೋಗ್ಯವಂತ ಗಿಡದ ಸಹಜ ಕೆಲಸ, ರೋಗವಲ್ಲ. ನೀರು ಸಾಲದಾದಾಗ ಎಲೆ ಉದ್ದಕ್ಕೆ ಸುರುಳಿಯಾಗುತ್ತದೆ, ತುದಿಯಿಂದ ಹಳದಿಯಾಗಿ ಕಂದಾಗುತ್ತದೆ, ಹೊಸ ಚಿಗುರು ಗಿಡ್ಡವಾಗುತ್ತದೆ. ಇದು ದೊಡ್ಡ ಹರವಿನಲ್ಲಿ ಹೆಚ್ಚು ಕಡಿಮೆ ಒಟ್ಟಿಗೇ ನಡೆದು, ಒಣಗಿದ ಕಡ್ಡಿಗಳು ನಿಂತೇ ಇದ್ದರೆ ಉಪ್ಪು ಮತ್ತು ನೀರಿನ ಒತ್ತಡವನ್ನು ಶಂಕಿಸಬೇಕು. ಉಬ್ಬರ ಹೊತ್ತು ತಂದ ಒಣಹುಲ್ಲಿನ ಚಾಪೆ ಮೇಲೆ ಕುಳಿತು ಉಸಿರುಗಟ್ಟಿಸಿದ್ದರೆ ಸತ್ತ ಜಾಗದ ಆಕಾರ ಚಾಪೆಯ ಆಕಾರವನ್ನೇ ಹೋಲುತ್ತದೆ. ತೊರೆಯ ತಲೆಯ ಭಾಗದಲ್ಲಿ ಕಡ್ಡಿಗಳು ಬುಡದಲ್ಲಿ ಕತ್ತರಿಸಿದಂತಿದ್ದು, ನೆಲ ಬಿಲಗಳಿಂದ ಜರಡಿಯಂತಾಗಿದ್ದರೆ ಅದು ಸೆಸಾರ್ಮಾ ಏಡಿಗಳ ಕೆಲಸ.

ಗಿಡ ನಿಜವಾಗಿ ಸತ್ತಿದೆಯೇ ಎಂದು ತಿಳಿಯಲು ನೆಲದಡಿಯ ಕಾಂಡವನ್ನು ನೋಡಬೇಕು. ಅನುಮತಿ ಇದ್ದಲ್ಲಿ ಚಿಕ್ಕ ಕೊಳವೆಯನ್ನು ಊರಿ ಬೇರುಸಹಿತ ಮಣ್ಣನ್ನು ತೆಗೆದು ತೊಳೆಯಿರಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಜೀವ ಇದೆ, ಮಳೆ ಬಂದ ಮೇಲೆ ಚಿಗುರುವ ಸಾಧ್ಯತೆಯೂ ಇದೆ. ಕಂದಾಗಿ ಬೆರಳಿಗೆ ಹಿಸುಕಿಹೋದರೆ ಆ ಬುಡ ಮುಗಿಯಿತು. ಈ ಹುಲ್ಲು ಹರಡುವುದು ಹೆಚ್ಚಾಗಿ ನೆಲದಡಿಯ ಕಾಂಡದಿಂದಲೇ ಆದುದರಿಂದ, ಬದುಕಿದ ಬುಡ ಎಷ್ಟು ದೂರದಲ್ಲಿದೆ ಎಂಬುದೇ ಮುಂದಿನ ಚೇತರಿಕೆಯ ವೇಗವನ್ನು ನಿರ್ಧರಿಸುತ್ತದೆ.

ಬಸವನಹುಳುವಿನ ಪಾಲನ್ನು ಬೇರ್ಪಡಿಸುವುದು

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಸಪೆಲೊ ದ್ವೀಪದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಸಾಗರ ಸಂಸ್ಥೆ 1953ರಲ್ಲಿ ಆರಂಭವಾಯಿತು. ಯುಜೀನ್ ಓಡಮ್, ಜಾನ್ ಟೀಲ್ ಮುಂತಾದ ಪರಿಸರ ವಿಜ್ಞಾನಿಗಳು ಅಲ್ಲಿ ನಡೆಸಿದ ಕೆಲಸದಿಂದ, ಸ್ಪಾರ್ಟಿನಾವನ್ನು ಹಸಿಯಾಗಿ ತಿನ್ನುವವರು ಕಡಿಮೆ, ಅದರ ಬಹುಪಾಲು ಸತ್ತು ಕೊಳೆತ ಮೇಲೆಯೇ ಆಹಾರವಾಗುತ್ತದೆ, ಜವುಗಿನ ಹಣೆಬರಹವನ್ನು ಬರೆಯುವುದು ಉಬ್ಬರ, ಉಪ್ಪು, ಪೋಷಕಾಂಶಗಳು ಎಂಬ ತಿಳಿವಳಿಕೆ ನೆಲೆಯೂರಿತು. ಕೊಳೆತದ ಬಗ್ಗೆ ಅವರು ಹೇಳಿದ್ದು ಇಂದಿಗೂ ಸರಿ. ಆದರೆ 2002ರಲ್ಲಿ ಸಂಶೋಧಕರಾದ ಬ್ರಯನ್ ಸಿಲ್ಲಿಮನ್ ಮತ್ತು ಮಾರ್ಕ್ ಬರ್ಟ್‌ನೆಸ್ ಪ್ರಕಟಿಸಿದ ಪ್ರಯೋಗದಲ್ಲಿ, ಬೇಟೆಗಾರ ಪ್ರಾಣಿಗಳನ್ನು ದೂರವಿಟ್ಟಾಗ ಲಿಟ್ಟೊರೇರಿಯಾ ಎಂಬ ಪುಟ್ಟ ಬಸವನಹುಳು ಹುಲುಸಾದ ಹುಲ್ಲುಗಾವಲನ್ನು ಎಂಟೇ ತಿಂಗಳಲ್ಲಿ ಬೋಳು ಕೆಸರುನೆಲ ಮಾಡಬಲ್ಲದೆಂದು ಕಂಡಿತು. ಸುಮಾರು ಎರಡು ಸೆಂಟಿಮೀಟರಿನ ಜೀವಿಯಿಂದ ಇಷ್ಟೊಂದು!

ಅದು ಹುಲ್ಲನ್ನು ಮೇಯುವ ರೀತಿಯೂ ವಿಶಿಷ್ಟ. ಉಬ್ಬರ ಏರುವಾಗ ಏಡಿಗಳಿಂದ ತಪ್ಪಿಸಿಕೊಳ್ಳಲು ಕಡ್ಡಿಯ ಮೇಲೆ ಹತ್ತುವ ಈ ಹುಳು, ಅರದಂಥ ನಾಲಿಗೆಯಿಂದ ಎಲೆಯನ್ನು ಉದ್ದುದ್ದಕ್ಕೆ ಗೀರುತ್ತದೆ. ಗಾಯದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಹುಳುವಿನ ಹಿಕ್ಕೆ ಅದಕ್ಕೆ ಗೊಬ್ಬರವಾಗುತ್ತದೆ, ಹುಳು ಮರಳಿ ಬಂದು ಶಿಲೀಂಧ್ರವನ್ನು ತಿನ್ನುತ್ತದೆ. ಒಂದು ಬಗೆಯಲ್ಲಿ ಇದು ಬೇಸಾಯವೇ. ನಷ್ಟ ಮಾತ್ರ ಹೊಲದ್ದು. ಗಟ್ಟಿ ಗಿಡ ಈ ಗಾಯಗಳನ್ನು ತಾಳಿಕೊಳ್ಳುತ್ತದೆ. ಉಪ್ಪಿನಿಂದ ಬಳಲಿದ ಗಿಡಕ್ಕೆ ಆ ಶಕ್ತಿ ಇರುವುದಿಲ್ಲ.

2005ರಲ್ಲಿ ಸಿಲ್ಲಿಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ಎರಡನ್ನೂ ಜೋಡಿಸಿತು. ಆಗ್ನೇಯ ಅಮೆರಿಕದ ಮೂರು ರಾಜ್ಯಗಳಲ್ಲಿ ಹುಲ್ಲು ಸತ್ತ 12 ಜಾಗಗಳನ್ನು ನೋಡಿದಾಗ, 11ರಲ್ಲಿ ಸತ್ತ ಜಾಗದ ಅಂಚಿನಲ್ಲಿ ಬಸವನಹುಳುಗಳು ಸೈನ್ಯದ ಸಾಲಿನಂತೆ ದಟ್ಟವಾಗಿ ನೆರೆದಿದ್ದವು. ಬರ ಮೊದಲ ಗುಂಡಿ ತೋಡುತ್ತದೆ. ಅಲ್ಲಿ ಆಹಾರ ಕಳೆದುಕೊಂಡ ಹುಳುಗಳು ಅಂಚಿಗೆ ಸರಿದು ಒಟ್ಟಾಗುತ್ತವೆ. ಆ ಸಾಲು ಆರೋಗ್ಯವಂತ ಹುಲ್ಲನ್ನೂ ಮೇಯುತ್ತಾ ಮುಂದುವರಿಯುತ್ತದೆ, ಮಳೆ ಮರಳಿದ ಮೇಲೂ.

ನಿಮ್ಮ ಜಾಗದಲ್ಲಿ ಇದು ನಡೆಯುತ್ತಿದೆಯೇ ಎಂದು ತಿಳಿಯಲು ಸತ್ತ ಜಾಗದ ಅಂಚಿಗೆ ಲಂಬವಾಗಿ ಹಗ್ಗ ಎಳೆಯಿರಿ. ಅಂಚಿನಲ್ಲಿ, ಅಲ್ಲಿಂದ ಒಂದು, ಎರಡು, ಐದು, ಹತ್ತು ಮೀಟರ್ ದೂರದಲ್ಲಿ, ಎರಡೂ ಕಡೆಗೆ, ಅರ್ಧ ಮೀಟರ್ ಬದಿಯ ಚೌಕಟ್ಟನ್ನು ಇಟ್ಟು ಒಳಗಿನ ಹುಳುಗಳನ್ನೆಲ್ಲ ಎಣಿಸಿ, ನಾಲ್ಕರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ ಬರುತ್ತದೆ. ಇಳಿತದಲ್ಲಿ ಹಲವು ಹುಳುಗಳು ಕೆಸರಿನ ಮೇಲಿರುತ್ತವೆ, ಮರಿಗಳು ಒಣಎಲೆಯ ಸುರುಳಿಯಲ್ಲಿ ಅಡಗಿರುತ್ತವೆ. ಕಡ್ಡಿಯ ಮೇಲಿನವನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸಂಖ್ಯೆ ಅಂಚಿನಲ್ಲಿ ಚದರ ಮೀಟರಿಗೆ ನೂರಾರಕ್ಕೆ ಏರಿ, ಎರಡೂ ಕಡೆ ಕುಸಿದಿದ್ದರೆ ಸಾಲು ಕಟ್ಟಿದೆ ಎಂದರ್ಥ. ಪ್ರತಿ ಚೌಕದಿಂದ ಐದು ಕಡ್ಡಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಎಲೆಗಳ ಮೇಲಿನ ಗೀರುಗಳ ಒಟ್ಟು ಉದ್ದವನ್ನು ಅಳೆದಿಡಿ. ಅಂಚಿನ ಗೂಟದ ಜಾಗವನ್ನು ತಿಂಗಳಿಗೊಮ್ಮೆ ಪರಿಶೀಲಿಸಿದರೆ ಸಾಲು ಚಲಿಸುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಆದರೂ ಎಣಿಕೆಯಿಂದ ಕಾರಣ ಸಾಬೀತಾಗುವುದಿಲ್ಲ. ಹುಳುಗಳು ಸಾಯುತ್ತಿರುವ ಹುಲ್ಲಿಗೆ ಮುತ್ತಿರಬಹುದು, ಹಣ್ಣಾದ ಹಲಸಿಗೆ ನೊಣ ಮುತ್ತುವಂತೆ. ಇದನ್ನು ಬಿಡಿಸಲು ಪಂಜರದ ಪ್ರಯೋಗವೇ ಬೇಕು. ಒಂದು ಮೀಟರ್ ಬದಿಯ ಕಿರುಗಣ್ಣಿನ ತಂತಿಜಾಲದ ಪಂಜರಗಳನ್ನು ಅಂಚಿನಲ್ಲಿ ಊರಿ, ಒಳಗಿನ ಹುಳುಗಳನ್ನು ಕೈಯಿಂದ ಆರಿಸಿ ತೆಗೆಯಿರಿ. ಪಕ್ಕದಲ್ಲಿ ಅಷ್ಟೇ ಜಾಗವನ್ನು ಹಾಗೆಯೇ ಬಿಡಿ. ಮೂರನೆಯದಾಗಿ ಎರಡು ಬದಿ ಮಾತ್ರ ಜಾಲವಿರುವ ಅರೆಪಂಜರವೂ ಇರಬೇಕು, ಏಕೆಂದರೆ ಜಾಲವೇ ನೆರಳು ಕೊಟ್ಟು, ಗಾಳಿ ತಡೆದು, ಆವಿಯಾಗುವುದನ್ನು ತಗ್ಗಿಸಿ ಹುಲ್ಲನ್ನು ಉಳಿಸಿರಬಹುದು. ಈ ಅರೆಪಂಜರವನ್ನು ಬಿಟ್ಟ ಪ್ರಯೋಗಗಳ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ. ಮೂರೂ ಬಗೆಗಳನ್ನು ಕನಿಷ್ಠ ಆರು ಬಾರಿ ಪುನರಾವರ್ತಿಸಿ, ಹದಿನೈದು ದಿನಕ್ಕೊಮ್ಮೆ ನುಸುಳಿ ಬಂದ ಹುಳುಗಳನ್ನು ತೆಗೆಯುತ್ತಾ, ಮಣ್ಣಿನ ಉಪ್ಪನ್ನು ಮೂರರಲ್ಲಿಯೂ ಅಳೆಯುತ್ತಾ ಒಂದು ಬೆಳೆಗಾಲ ನಡೆಸಿ. ಕಡಿಮೆ ಉಪ್ಪಿನ ಜಾಗದಲ್ಲಿಯೂ ಹೆಚ್ಚು ಉಪ್ಪಿನ ಜಾಗದಲ್ಲಿಯೂ ಇದೇ ಪ್ರಯೋಗ ಹೂಡಿದರೆ, ಎರಡು ಒತ್ತಡಗಳು ಒಟ್ಟಾದಾಗ ನಷ್ಟವು ಬಿಡಿ ನಷ್ಟಗಳ ಮೊತ್ತವನ್ನು ಮೀರುತ್ತದೆಯೇ ಎಂಬ ಮುಖ್ಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಸಂಶೋಧಕರು ಮಣ್ಣಿಗೆ ಉಪ್ಪು ಸೇರಿಸಿಯೂ ಪರೀಕ್ಷಿಸಿದ್ದಾರೆ. ಹವ್ಯಾಸಿಗಳು ಅದಕ್ಕೆ ಕೈಹಾಕದೆ ನೆಲದಲ್ಲಿ ಸಹಜವಾಗಿರುವ ಉಪ್ಪಿನ ಏರಿಳಿತವನ್ನೇ ಬಳಸಿಕೊಳ್ಳುವುದು ಲೇಸು.

ಹುಳುವನ್ನು ತಿನ್ನುವವರ ಕಡೆಗೂ ನೋಡಬೇಕು. ನೀಲಿ ಏಡಿ, ಜವುಗಿನ ಆಮೆ ಇವು ಹುಳುಗಳ ಸಂಖ್ಯೆಯನ್ನು ಹಿಡಿತದಲ್ಲಿಡುತ್ತವೆ. ಬರದಲ್ಲಿ ಅಳಿವೆಯ ನೀರು ಉಪ್ಪಾದಾಗ ನೀಲಿ ಏಡಿಗಳಿಗೆ ಹೆಮಟೋಡಿನಿಯಂ ಎಂಬ ಪರೋಪಜೀವಿಯ ಕಾಟ ಹೆಚ್ಚುತ್ತದೆ. ಹೀಗೆ ಬರವು ಹುಲ್ಲನ್ನು ಕೆಳಗಿನಿಂದಲೂ ಹುಳುವಿನ ವೈರಿಯನ್ನು ಮೇಲಿನಿಂದಲೂ ಒಂದೇ ಕಾಲಕ್ಕೆ ಹೊಡೆಯಬಹುದು. ಬಹುದು ಎಂದೇ ಹೇಳಬೇಕು, ಏಕೆಂದರೆ ಏಡಿ ಕಡಿಮೆಯಾದ ಕಡೆಯಲ್ಲೆಲ್ಲ ಹುಳು ಹೆಚ್ಚಾಗಿದೆ ಎಂದು ಊಹಿಸಿಕೊಳ್ಳುವಂತಿಲ್ಲ. ಪರೀಕ್ಷಿಸಲು ಒಂದು ಸರಳ ದಾರಿ ಇದೆ. ಹುಳುವಿನ ಚಿಪ್ಪಿಗೆ ಮೀನಿನ ಗಾಳದ ದಾರವನ್ನು ಅಂಟಿಸಿ ಗೂಟಕ್ಕೆ ಕಟ್ಟಿಬಿಡಿ. ಮರುದಿನ ಬಂದಾಗ ಚಿಪ್ಪು ಪುಡಿಯಾಗಿದ್ದರೆ ಏಡಿಯ ಕೆಲಸ. ಕಟ್ಟಿದ ಹುಳು ತಪ್ಪಿಸಿಕೊಳ್ಳಲಾರದಾದ್ದರಿಂದ ಇದು ನಿಜವಾದ ಬೇಟೆಯ ಪ್ರಮಾಣವನ್ನು ತೋರಿಸದು, ಆದರೆ ಜಾಗದಿಂದ ಜಾಗಕ್ಕೆ, ವರ್ಷದಿಂದ ವರ್ಷಕ್ಕೆ ಹೋಲಿಸಲು ಸಾಕು.

ನೆರೆಯ ಗಿಡದ ಲೆಕ್ಕ

ಗಿಡ ಗಿಡಗಳ ನಡುವಿನ ಸಂಬಂಧವನ್ನು ಅಳೆಯುವುದು ಹೋಲಿಕೆಯಲ್ಲಿ ಸುಲಭ. ಜಾರ್ಜಿಯಾದಲ್ಲಿ ಸ್ಪಾರ್ಟಿನಾದ ಮೇಲಿನ ಎತ್ತರದಲ್ಲಿ ಜಂಕಸ್ ಎಂಬ ಸೂಜಿಯಂಥ ಜೊಂಡು ಬೆಳೆಯುತ್ತದೆ. ಜಂಕಸ್ ಕೆಳಗಿಳಿಯದಂತೆ ತಡೆಯುವುದು ಉಪ್ಪು ಮತ್ತು ನೀರು. ಸ್ಪಾರ್ಟಿನಾ ಮೇಲೇರದಂತೆ ತಡೆಯುವುದು ಜಂಕಸ್‌ನ ಪೈಪೋಟಿ. ಒತ್ತಡ ಹೆಚ್ಚಿದಂತೆ ಪೈಪೋಟಿ ಹಿಂದೆ ಸರಿದು ನೆರವು ಮುಂದೆ ಬರುತ್ತದೆ ಎಂಬ ವಾದವನ್ನು ಬರ್ಟ್‌ನೆಸ್ ಮತ್ತು ರೇಗನ್ ಕ್ಯಾಲವೇ 1994ರಲ್ಲಿ ಮುಂದಿಟ್ಟರು: ಗಿಡದ ಹೊದಿಕೆ ನೆಲಕ್ಕೆ ನೆರಳಾದರೆ ಆವಿ ಕಡಿಮೆ, ಆವಿ ಕಡಿಮೆಯಾದರೆ ಉಪ್ಪು ಕಡಿಮೆ, ಆ ನೆರಳಿನಲ್ಲಿ ಬೇರೆ ಸಸಿಯೂ ಬದುಕುತ್ತದೆ.

ಪರೀಕ್ಷೆ ಹೀಗೆ: ಒಂದೇ ಗಾತ್ರದ ಗಿಡಗಳನ್ನು ಜೋಡಿಯಾಗಿ ಗುರುತಿಸಿ, ಪ್ರತಿ ಜೋಡಿಯಲ್ಲಿ ಒಂದರ ಸುತ್ತಲಿನ ನೆರೆಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಇನ್ನೊಂದನ್ನು ಹಾಗೆಯೇ ಬಿಡಿ. ಋತುವಿನ ಕೊನೆಯಲ್ಲಿ ಎರಡನ್ನೂ ಒಣಗಿಸಿ ತೂಗಿ. ನೆರೆ ಇದ್ದಾಗಿನ ತೂಕದಿಂದ ಇಲ್ಲದಾಗಿನ ತೂಕವನ್ನು ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಂಬಂಧದ ಸೂಚ್ಯಂಕ ಸಿಗುತ್ತದೆ. ನೆರೆ ಇದ್ದಾಗ 12 ಗ್ರಾಂ, ಇಲ್ಲದಾಗ 8 ಗ್ರಾಂ ಎಂದಿಟ್ಟುಕೊಂಡರೆ, 4ನ್ನು 20ರಿಂದ ಭಾಗಿಸಿ 0.2; ಇದು ನೆರವು. ಸೊನ್ನೆಗಿಂತ ಕೆಳಗಿಳಿದರೆ ಪೈಪೋಟಿ. ಒಂದು ವರ್ಷದ ಸೂಚ್ಯಂಕಕ್ಕೆ ಬೆಲೆ ಕಡಿಮೆ. ಮಳೆಯ ವರ್ಷದಲ್ಲೊಮ್ಮೆ, ಬರದ ವರ್ಷದಲ್ಲೊಮ್ಮೆ ಅದೇ ನೆಲದಲ್ಲಿ ಮಾಡಿದಾಗ ಮಾತ್ರ ಚಿಹ್ನೆ ಬದಲಾದದ್ದು ಕಾಣುತ್ತದೆ. ಬರ ವಿಪರೀತವಾದಾಗ ನೆರೆಯೂ ಸಾಯುವುದರಿಂದ ಸೂಚ್ಯಂಕ ಮತ್ತೆ ಸೊನ್ನೆಯ ಕಡೆ ಜಾರಬಹುದು, ಅದನ್ನು ಪ್ರಯೋಗದ ಸೋಲೆಂದು ಎಸೆಯಬೇಡಿ.

ಚಿಪ್ಪಿನ ದಿಬ್ಬಗಳನ್ನು ಹುಡುಕುವುದು

ಬರದ ನಂತರ ಬೋಳಾದ ಜವುಗಿನಲ್ಲಿ ಅಲ್ಲಲ್ಲಿ ಹಸಿರು ತುಂಡುಗಳು ಉಳಿದಿರುತ್ತವೆ. ಅವುಗಳ ಬುಡವನ್ನು ಬಗ್ಗಿ ನೋಡದೆ ಮುಂದೆ ಹೋಗಬಾರದು. ಅಲ್ಲಿ ಅನೇಕ ವೇಳೆ ಗ್ಯೂಕೆನ್ಸಿಯಾ ಎಂಬ ಪಕ್ಕೆಗೆರೆಯ ಮಸಲ್ ಚಿಪ್ಪುಗಳು, ನಮ್ಮ ಕರಾವಳಿಯ ಪಚ್ಚಿಲೆಯ ಬಳಗದವು, ಹುಲ್ಲಿನ ಬುಡಗಳನ್ನು ನೂಲಿನಿಂದ ಹಿಡಿದು ಗುಂಪುಗಟ್ಟಿ ದಿಬ್ಬವಾಗಿರುತ್ತವೆ. ಅವು ಉಬ್ಬರದ ನೀರನ್ನು ಸೋಸಿ ಕಸರನ್ನು ನೆಲಕ್ಕೆ ಬಿಡುವುದರಿಂದ ಹುಲ್ಲಿಗೆ ಗೊಬ್ಬರ ಸಿಗುತ್ತದೆ. ದಿಬ್ಬದ ಮಣ್ಣು ನೀರನ್ನು ಹಿಡಿದಿಟ್ಟು ಉಪ್ಪು ಏರದಂತೆ ನೋಡಿಕೊಳ್ಳುತ್ತದೆ. ಕ್ರಿಸ್ಟೀನ್ ಆಂಜೆಲಿನಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತೀವ್ರ ಬರದಲ್ಲಿ ಹುಲ್ಲು ಬದುಕಿದ್ದು ಮುಖ್ಯವಾಗಿ ಈ ದಿಬ್ಬಗಳ ಮೇಲೆಯೇ, ಜವುಗು ಮತ್ತೆ ತುಂಬಿಕೊಂಡದ್ದೂ ಅಲ್ಲಿಂದಲೇ. ಕಾಡುಹಂದಿಗಳು ಈ ಚಿಪ್ಪುಗಳನ್ನು ಅಗೆದು ತಿನ್ನುವ ಕಡೆ ಚೇತರಿಕೆ ನಿಧಾನವಾಗುತ್ತದೆ ಎಂದೂ ಆಮೇಲೆ ತಿಳಿದುಬಂದಿತು. ಹಂದಿಯ ಗೊರಸಿನ ಗುರುತು ಕಂಡರೆ ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ.

ಪ್ರತಿ ಹಸಿರು ತುಂಡಿನ ಅಗಲ, ಚಿಪ್ಪುಗಳ ಸಂಖ್ಯೆ, ದಿಬ್ಬದ ಮೇಲಿನ ಮತ್ತು ಒಂದು ಮೀಟರ್ ಆಚೆಯ ಮಣ್ಣಿನ ಉಪ್ಪು, ಈ ನಾಲ್ಕನ್ನು ಅಳೆಯಿರಿ. ಚಿಪ್ಪಿಲ್ಲದ ಹಸಿರು ತುಂಡುಗಳನ್ನೂ, ಚಿಪ್ಪಿದ್ದೂ ಹುಲ್ಲು ಸತ್ತ ದಿಬ್ಬಗಳನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕಿ. ಊಹೆಗೆ ಒಪ್ಪುವವನ್ನು ಮಾತ್ರ ಆರಿಸುವುದು ಕಣ್ಣಿನ ಹಳೆಯ ಚಾಳಿ.

ನಮ್ಮ ಅಳಿವೆಗಳಲ್ಲಿ ಬಳಸುವಾಗ

ಅಘನಾಶಿನಿಯಂಥ ಕರ್ನಾಟಕದ ಅಳಿವೆಗಳಲ್ಲಿ ಇದೇ ವಿಧಾನವನ್ನು ಬಳಸಲು ಮನಸ್ಸಾದರೆ, ಉಪಕರಣಗಳನ್ನು ಒಯ್ಯಿರಿ, ತೀರ್ಮಾನಗಳನ್ನು ಒಯ್ಯಬೇಡಿ. ಇಲ್ಲಿ ಸ್ಪಾರ್ಟಿನಾದ ಬಯಲಿಲ್ಲ. ಕಾಂಡ್ಲಾ ಕಾಡು ಮತ್ತು ಉಬ್ಬರದ ಉಪ್ಪುನೀರು ತಲುಪುವ ಗಜನಿ ಗದ್ದೆಗಳಿವೆ. ಇಲ್ಲಿನ ಉಪ್ಪಿಗೆ ವರ್ಷದೊಳಗೇ ದೊಡ್ಡ ಏರಿಳಿತವಿದೆ: ಏಪ್ರಿಲ್, ಮೇ ತಿಂಗಳಲ್ಲಿ ಅಳಿವೆ ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪಾಗಿ, ಆಷಾಢದ ಮಳೆಗೆ ಸಿಹಿಯಾಗುತ್ತದೆ. ಗಜನಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುವ ರೈತರು ಗದ್ದೆಯ ಉಪ್ಪು ತೊಳೆಯಲು ಕಾಯುವುದೂ ಆ ಮಳೆಗೇ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ವರ್ಷಗಟ್ಟಲೆಯ ಬರದ ಪ್ರಶ್ನೆಗಿಂತ ಮುಂಗಾರು ಎಷ್ಟು ವಾರ ತಡವಾಯಿತು, ಆ ವಾರಗಳಲ್ಲಿ ಮಣ್ಣಿನ ಉಪ್ಪು ಎಲ್ಲಿಗೆ ಏರಿತು ಎಂಬ ಪ್ರಶ್ನೆ. ಉಪ್ಪಿನ ಏರಿಕೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಆಲ್ಟಮಹಾದ ಸಿಹಿನೀರು ಜವುಗಿನಲ್ಲಿ ನಡೆದ ಪ್ರಯೋಗದಲ್ಲಿಯೂ ನಿರ್ಣಾಯಕವಾಗಿತ್ತು: ವರ್ಷವಿಡೀ ಉಪ್ಪುನೀರು ಎರೆದ ಪಾತಿಗಳಲ್ಲಿ ಗಿಡಗಳು ಕ್ಷೀಣಿಸಿದವು, ವರ್ಷದಲ್ಲಿ ಕೆಲವು ವಾರ ಮಾತ್ರ ಎರೆದ ಪಾತಿಗಳು ಬಹುಮಟ್ಟಿಗೆ ತಾಳಿಕೊಂಡವು.

ಎಲ್ಲಿ ಮಾಡಿದರೂ ಗೂಟಗಳನ್ನು ಕೀಳಬೇಡಿ. ಮಳೆ ಮರಳಿದ ಮೊದಲ ಬೆಳೆಗಾಲದಲ್ಲಿ ಅದೇ ಚೌಕಗಳಿಗೆ ಹೋಗಿ, ಹೊಸ ಚಿಗುರು ಬದುಕಿದ್ದ ಅಂಚಿನಿಂದ ತೆವಳಿ ಬಂತೋ, ಚಿಪ್ಪಿನ ದಿಬ್ಬದಿಂದ ಹೊರಚಾಚಿತೋ, ಬೋಳು ನೆಲದಲ್ಲಿ ಸ್ಯಾಲಿಕಾರ್ನಿಯಾದ ಸಸಿಗಳು ಮೊದಲು ಕಾಲಿಟ್ಟವೋ ಎಂದು ಒಂದೊಂದು ಚೌಕದಲ್ಲಿಯೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಹುಳುಗಳ ಸಾಲು ಇನ್ನೂ ಅಂಚಿನಲ್ಲೇ ಇದ್ದರೆ, ಮಳೆ ಎಷ್ಟೇ ಬಂದಿರಲಿ, ಅಧ್ಯಯನವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿ.